ಗಾಳಿ ಎಳೆಯುತ್ತೆ, ನಿಲ್ಲಿಸೋದು ನಿಮ್ಮ ಕೈಲಿರಬೇಕು: ಹಿಮ ಮತ್ತು ಮಂಜುಗಡ್ಡೆ ಮೇಲಿನ ಹಾಯಿ ಆಟಗಳು

ದೃಶ್ಯ: ಹೆಪ್ಪುಗಟ್ಟಿದ ವಿಶಾಲ ಸರೋವರ. ಸ್ಕೀ ತೊಟ್ಟ ಒಬ್ಬರು ಕೈಟ್ (ಮನುಷ್ಯರನ್ನು ಎಳೆಯಬಲ್ಲ ದೊಡ್ಡ ಗಾಳಿಪಟ) ಹಿಡಿದು ತೆರೆಯ ಈ ತುದಿಯಿಂದ ಆ ತುದಿಗೆ ದಾಟುತ್ತಾರೆ.

ನಿರೂಪಣೆ: ಈಗ ನೋಡಿದಿರಲ್ಲ, ಇದು ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗ. ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್. 300 ಮೀಟರ್ ದಾಟೋಕೆ 18 ಸೆಕೆಂಡ್ ಸಾಕು. ಆ 300 ಮೀಟರಿನಲ್ಲಿ ಕಾಲ ಕೆಳಗಿನ ಮಂಜುಗಡ್ಡೆ 20 ಸೆಂಟಿಮೀಟರಿನಿಂದ 5 ಸೆಂಟಿಮೀಟರಿಗೆ ಇಳಿದಿರಬಹುದು. ನಡೆದು ಹೋಗುವವರಿಗೆ ಬಣ್ಣ ಬದಲಾಗೋದು ಕಾಣುತ್ತೆ, ಸದ್ದು ಬದಲಾಗೋದು ಕೇಳುತ್ತೆ. ಹಾಯಿ ಹಿಡಿದು ಹೋಗುವವರಿಗೆ ಅದು ಗೊತ್ತಾಗುವ ಹೊತ್ತಿಗೆ ಜಾಗ ದಾಟಿಹೋಗಿರುತ್ತೆ, ಇಲ್ಲವೇ ನೀರಿನಲ್ಲಿರುತ್ತಾರೆ.

ಹಿಮದ ಮೇಲೆ ಕೈಟ್ ಹಿಡಿದು ಓಡುವ ಸ್ನೋಕೈಟಿಂಗ್, ಅಲಗುಗಳ ಮೇಲೆ ಜಾರುವ ಹಾಯಿದೋಣಿಯಾದ ಐಸ್‌ಬೋಟ್, ಸ್ಕೇಟ್ ಕಟ್ಟಿಕೊಂಡು ಕೈಯಲ್ಲಿ ರೆಕ್ಕೆ ಹಿಡಿದು ಓಡುವ ವಿಂಗ್. ಇವು ಯಾವುದರಲ್ಲೂ ಎಂಜಿನ್ ಇಲ್ಲ. ಹಾಗಾಗಿ ಆಫ್ ಮಾಡುವ ಕೀಲಿಯೂ ಇಲ್ಲ. ಓಡೋದನ್ನು ಒಂದೆರಡು ದಿನದಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ. ಈ ವಿಡಿಯೋದಲ್ಲಿ ಹೇಳೋದು ಅದಕ್ಕಿಂತ ಮೊದಲು ಕಲಿಯಬೇಕಾದದ್ದನ್ನು: ನಿಲ್ಲಿಸೋದು ಹೇಗೆ, ವಾಪಸ್ ಬರೋದು ಹೇಗೆ.

ದೃಶ್ಯ: ಕೈಯಲ್ಲಿ ಹಿಡಿದ ಗಾಳಿಮಾಪಕ. ಅಂಕಿ ಏರುತ್ತಾ ಇಳಿಯುತ್ತಾ ಇದೆ.

ನಿರೂಪಣೆ: ಮೊದಲು ಗಾಳಿ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ಎರಡು ಪಟ್ಟಾಗೋದಿಲ್ಲ, ನಾಲ್ಕು ಪಟ್ಟಾಗುತ್ತೆ. ಗಂಟೆಗೆ 20 ಕಿಲೋಮೀಟರ್ ಗಾಳಿಯಲ್ಲಿ ಹಿತವಾಗಿ ಎಳೆಯುತ್ತಿದ್ದ ಕೈಟ್, 40 ಕಿಲೋಮೀಟರ್ ಗಾಳಿ ನುಗ್ಗಿದ ಕ್ಷಣದಲ್ಲಿ ನಾಲ್ಕರಷ್ಟು ಬಲದಿಂದ ಎಳೆಯುತ್ತೆ. ಜೊತೆಗೆ ಚಳಿಯ ಲೆಕ್ಕವೂ ಸೇರಿಸಿ. ಮೈನಸ್ 20 ಡಿಗ್ರಿ ಗಾಳಿ ಪ್ಲಸ್ 20 ಡಿಗ್ರಿ ಗಾಳಿಗಿಂತ ಸುಮಾರು ಶೇಕಡ 16ರಷ್ಟು ಸಾಂದ್ರ. ಅದೇ ವೇಗ, ಅದೇ ಕೈಟ್, ಆದರೆ ಎಳೆತ ಜಾಸ್ತಿ. ಇದರ ಮೇಲೆ ಮಂಜುಗಡ್ಡೆಯಲ್ಲಿ ಘರ್ಷಣೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸಮುದ್ರದಲ್ಲಿ ಕೈಟ್ ಹಾರಿಸಿ ಪಳಗಿದವರು ಇಲ್ಲಿ ಎಡವೋದು ಇದಕ್ಕೇ. ನೀರಿನಲ್ಲಿ ಬಳಸುವ ಸೈಜನ್ನೇ ತಂದು ಬಿಚ್ಚುತ್ತಾರೆ. ಒಂದೆರಡು ಸೈಜ್ ಚಿಕ್ಕದರಿಂದ ಶುರು ಮಾಡಿ. ಸಾಲದಿದ್ದರೆ ದೊಡ್ಡದಕ್ಕೆ ಹೋಗಬಹುದು. ಹೆಚ್ಚಾದರೆ ಆಕಾಶದಲ್ಲಿರುವ ಕೈಟನ್ನು ಚಿಕ್ಕದು ಮಾಡೋಕೆ ಆಗೋದಿಲ್ಲ.

ಹೊಸಬರಿಗೆ ಗಂಟೆಗೆ 15ರಿಂದ 25 ಕಿಲೋಮೀಟರ್ ಗಾಳಿ ಸರಿ. ಆದರೆ ಸರಾಸರಿಯನ್ನು ಮಾತ್ರ ನೋಡಬೇಡಿ. ಮಾಪಕ ಹಿಡಿದು ಹತ್ತು ನಿಮಿಷ ನಿಲ್ಲಿ. ಸರಾಸರಿ 20 ಇದ್ದು ನಡುನಡುವೆ 30 ದಾಟುತ್ತಿದ್ದರೆ ಕೈಟ್ ಬಿಚ್ಚಬೇಡಿ. ಒಂದೇ ಸಮನೆ ಬೀಸುವ 30ರ ಗಾಳಿಗಿಂತ 12ಕ್ಕೂ 30ಕ್ಕೂ ಜಿಗಿದಾಡುವ ಗಾಳಿ ಕೆಟ್ಟದ್ದು.

ದೃಶ್ಯ: ಅನಿಮೇಷನ್. ಗಾಳಿಗೆ ಬೆನ್ನು ಮಾಡಿ ನಿಂತ ವ್ಯಕ್ತಿ, ಎದುರಿಗೆ ಅರ್ಧ ಗುಮ್ಮಟ. ಅದರ ಅಂಚಿನಲ್ಲಿ ಗಡಿಯಾರದ ಅಂಕಿಗಳು.

ನಿರೂಪಣೆ: ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕೈಟ್ ಹಾರಬಲ್ಲ ಜಾಗ ಎದುರಿಗೆ ಅರ್ಧ ಗುಮ್ಮಟದ ಹಾಗಿರುತ್ತೆ. ನೆತ್ತಿಯ ಮೇಲೆ 12 ಗಂಟೆ, ಎಡಕ್ಕೆ 9, ಬಲಕ್ಕೆ 3. ಅಂಚಿನಲ್ಲಿ ಎಳೆತ ಕಡಿಮೆ, ಗುಮ್ಮಟದ ಮಧ್ಯದಲ್ಲಿ ಅತಿ ಹೆಚ್ಚು. ಕೈಟನ್ನು ಎಬ್ಬಿಸೋದು, ಇಳಿಸೋದು ಯಾವಾಗಲೂ ಅಂಚಿನಲ್ಲಿ. ನೆತ್ತಿಯ ಮೇಲೆ ಎಳೆತ ಕಡಿಮೆ ಅಂತ ಅಲ್ಲಿ ನಿಲ್ಲಿಸಿಕೊಂಡು ಹರಟೆ ಹೊಡೆಯೋದು ತಪ್ಪು. ರಭಸದ ಗಾಳಿ ಬಂದಾಗ ಅಲ್ಲಿರುವ ಕೈಟ್ ಎಳೆಯೋದು ಮೇಲಕ್ಕೆ. ಎರಡು ಮೂರು ಮೀಟರ್ ಎತ್ತಿ, ಕಲ್ಲಿನಷ್ಟು ಗಟ್ಟಿ ಮಂಜುಗಡ್ಡೆಯ ಮೇಲೆ ಬಿಡುತ್ತೆ. ಹೆಲ್ಮೆಟ್ ಮತ್ತು ಬೆನ್ನಿನ ರಕ್ಷಾಕವಚ ಕಡ್ಡಾಯ ಅನ್ನೋದು ಇದಕ್ಕೆ.

ಗಾಳಿ ಬೀಸಿಹೋಗುವ ದಿಕ್ಕಿನಲ್ಲಿ ವಿದ್ಯುತ್ ತಂತಿ, ಬೇಲಿ, ಮರ, ರಸ್ತೆ ಯಾವುದೂ ಇರಬಾರದು. ಕೈಟನ್ನು ನಿಮಗೆ ಜೋಡಿಸುವ ಹಗ್ಗಗಳು, ಅಂದರೆ ಲೈನುಗಳೇ 20ರಿಂದ 25 ಮೀಟರ್ ಉದ್ದ, ಅದರ ಕೆಲವು ಪಟ್ಟು ಜಾಗ ಖಾಲಿ ಬೇಕು.

ದೃಶ್ಯ: ತೀರಾ ಹತ್ತಿರದ ನೋಟ. ದಪ್ಪ ಗ್ಲೌಸ್ ತೊಟ್ಟ ಕೈ, ಕೈಟನ್ನು ಸಿಕ್ಕಿಸುವ ಸೊಂಟದ ಪಟ್ಟಿ (ಹಾರ್ನೆಸ್), ಕೈಟನ್ನು ತಕ್ಷಣ ಕಳಚುವ ಕೆಂಪು ಹಿಡಿ (ಕ್ವಿಕ್ ರಿಲೀಸ್).

ನಿರೂಪಣೆ: ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಈ ಕೆಂಪು ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಕೈಟ್ ನಿಮ್ಮ ಸೊಂಟದಿಂದ ಕಳಚಿಕೊಳ್ಳುತ್ತೆ, ಒಂದೇ ಲೈನಿನಲ್ಲಿ ನೇತಾಡುತ್ತಾ ಬಲ ಕಳೆದುಕೊಂಡು ಕೆಳಗೆ ಬೀಳುತ್ತೆ. ಅಂಗಡಿಯಲ್ಲಿ ಇದು ಬೆಣ್ಣೆಯ ಹಾಗೆ ಜಾರುತ್ತೆ. ಹಿಮದಲ್ಲಿ ನಾಲ್ಕು ಸಲ ಬಿದ್ದೆದ್ದ ಮೇಲೆ ಇದರೊಳಗೆ ಹಿಮ ಸೇರುತ್ತೆ, ಮೈಬಿಸಿಗೆ ಕರಗುತ್ತೆ, ಗಾಳಿಗೆ ಮತ್ತೆ ಹೆಪ್ಪುಗಟ್ಟುತ್ತೆ. ಈಗ ತಳ್ಳಿ ನೋಡಿ, ಅಲ್ಲಾಡೋದಿಲ್ಲ. ಇದು ನಿಜವಾಗಿ ಆಗುವ ತೊಂದರೆ, ಅದಕ್ಕೇ ಪ್ರತಿ ಸಲ ಪರೀಕ್ಷೆ ಬೇಕು.

ಪರೀಕ್ಷೆ ಹೀಗೆ. ಜೊತೆಗಾರರು ಲೈನುಗಳ ಬದಿಯನ್ನು ಬಿಗಿಯಾಗಿ ಹಿಡಿದು ಎಳೆಯಲಿ. ನೀವು ಹಿಂದಕ್ಕೆ ವಾಲಿ ಭಾರ ಹಾಕಿ. ಆಟದಲ್ಲಿ ತೊಡುವ ಗ್ಲೌಸನ್ನೇ ತೊಟ್ಟಿರಬೇಕು, ಬರಿಗೈಯಲ್ಲಿ ಮಾಡಿದರೆ ಅದು ಪರೀಕ್ಷೆಯಲ್ಲ. ಕಣ್ಣು ಮುಚ್ಚಿ, ಕೈಯನ್ನು ತೊಡೆಯ ಹತ್ತಿರದಿಂದ ತಂದು ಹಿಡಿಯನ್ನು ಹುಡುಕಿ ತಳ್ಳಿ. ಒಂದೇ ಚಲನೆಯಲ್ಲಿ ಬಿಚ್ಚಿಕೊಳ್ಳಬೇಕು. ಎಡಗೈಯಿಂದ ಒಮ್ಮೆ, ಬಲಗೈಯಿಂದ ಒಮ್ಮೆ.

ಬಿಡಿಸಿಕೊಳ್ಳೋದರಲ್ಲಿ ಮೂರು ಹಂತ ಇದೆ. ಮೊದಲನೆಯದು ಬಾರ್, ಅಂದರೆ ಕೈಟನ್ನು ನಡೆಸೋಕೆ ಕೈಯಲ್ಲಿ ಹಿಡಿಯುವ ಕೋಲನ್ನು ಬಿಡೋದು. ಬಿಟ್ಟರೆ ಬಹುಪಾಲು ಎಳೆತ ಇಳಿಯುತ್ತೆ. ಗಾಬರಿಯಾದಾಗ ಮನುಷ್ಯರ ಕೈ ಇದಕ್ಕೆ ತದ್ವಿರುದ್ಧ ಮಾಡುತ್ತೆ, ಬಾರನ್ನು ಎದೆಗೆ ಎಳೆದುಕೊಳ್ಳುತ್ತೆ, ಕೈಟ್ ಇನ್ನಷ್ಟು ಎಳೆಯುತ್ತೆ. ಆದ್ದರಿಂದ ಬಿಡೋದನ್ನು ಬೇಕಂತಲೇ ಹತ್ತಾರು ಸಲ ಅಭ್ಯಾಸ ಮಾಡಬೇಕು. ಎರಡನೆಯದು ಕೆಂಪು ಹಿಡಿ. ಮೂರನೆಯದು ಲೀಶ್, ಅಂದರೆ ಹಿಡಿ ತಳ್ಳಿದ ಮೇಲೂ ಕೈಟನ್ನು ನಿಮಗೆ ಕಟ್ಟಿಟ್ಟಿರುವ ಹಗ್ಗ ಬಿಚ್ಚಿ ಕೈಟನ್ನು ಪೂರ್ತಿ ಕಳುಹಿಸಿಬಿಡೋದು. ಹಿಡಿ ತಳ್ಳಿದ ಮೇಲೂ ಎಳೆದೊಯ್ಯುತ್ತಿದ್ದರೆ, ಲೈನು ಹೋಗುತ್ತಿರುವ ಸ್ನೋಮೊಬೈಲಿಗೆ ಸಿಕ್ಕಿಕೊಂಡರೆ, ಆಗ ಮಾತ್ರ ಮೂರನೆಯದು. ಬೋಳು ಮಂಜುಗಡ್ಡೆಯ ಮೇಲೆ ಬಿಟ್ಟ ಕೈಟ್ ಬಹುದೂರ ಜಾರಿ ಬೇರೆಯವರಿಗೆ ಬಡಿಯಬಹುದು. ಆದರೂ ಹೋದರೆ ಕೈಟ್ ಹೋಗಲಿ.

ಗಾಳಿ ತುಂಬುವ ಕೈಟ್ ಇದ್ದವರಿಗೆ ಒಂದು ಮಾತು. ಬೆಚ್ಚಗಿನ ಕೋಣೆಯಲ್ಲಿ, 20 ಡಿಗ್ರಿಯಲ್ಲಿ, 6 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿ ಹೊರಗೆ ತಂದರೆ ಮೈನಸ್ 15ರಲ್ಲಿ ಅದು ಸುಮಾರು ಮೂರೂವರೆಗೆ ಇಳಿಯುತ್ತೆ. ಎಲ್ಲೂ ತೂತಿಲ್ಲ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿದೆ ಅಷ್ಟೆ. ಮುಂಭಾಗದ ಕೊಳವೆ ಮೆತ್ತಗಾಗಿ, ರಭಸದ ಗಾಳಿಯಲ್ಲಿ ಕೈಟ್ ನಡುವೆ ಮಡಚಿಕೊಳ್ಳುತ್ತೆ. ಹೊರಗೇ ತುಂಬಿ, ಕಾಲು ಗಂಟೆ ಬಿಟ್ಟು ಮತ್ತೆ ಒತ್ತಡ ನೋಡಿ.

ದೃಶ್ಯ: ಬೈರಿಗೆ ಮಂಜುಗಡ್ಡೆಯನ್ನು ಕೊರೆಯುತ್ತಿದೆ. ತೂತಿನೊಳಗೆ ಇಳಿಬಿಟ್ಟ ಅಳತೆಪಟ್ಟಿ.

ನಿರೂಪಣೆ: ಈಗ ಕಾಲ ಕೆಳಗಿನದ್ದು. ಗಾಜಿನಂತೆ ಪಾರದರ್ಶಕವಾಗಿ, ಕೆಳಗಿನ ನೀರಿನಿಂದ ಕಪ್ಪಾಗಿ ಕಾಣುವ ಹೊಸ ಮಂಜುಗಡ್ಡೆಯೇ ಅತ್ಯಂತ ಗಟ್ಟಿ. ಅದು 10 ಸೆಂಟಿಮೀಟರ್ ಇದ್ದರೆ ಒಬ್ಬರು ನಡೆಯಬಹುದು. ಹಿಮ ನೆನೆದು ಹೆಪ್ಪುಗಟ್ಟಿ ಹಾಲಿನ ಬಣ್ಣಕ್ಕೆ ಬಂದ ಮಂಜುಗಡ್ಡೆಗೆ ಅದರ ಅರ್ಧದಷ್ಟೇ ಬಲ, ಅಂದರೆ ದಪ್ಪ ಎರಡರಷ್ಟು ಬೇಕು. ಹಾಯಿ ಆಟಕ್ಕೆ 10ನ್ನು ನೆಚ್ಚಿಕೊಳ್ಳಬೇಡಿ, 15 ಇರಲಿ. ಯಾಕೆಂದರೆ ನೀವು ಅಳೆದ ಜಾಗದಲ್ಲಿ ನಿಂತಿರೋದಿಲ್ಲ, ಅಳೆಯದ ಜಾಗಕ್ಕೆ ಓಡುತ್ತೀರಿ.

ಒಂದು ತೂತು ಸಾಲದು. ಹಾರೆಯಿಂದ ಕುಟ್ಟುತ್ತಾ ನಡೆಯಿರಿ, ಸುಮಾರು 50 ಮೀಟರಿಗೊಂದು ಕಡೆ ಕೊರೆದು ಅಳೆಯಿರಿ. ಹೊಳೆ ಸರೋವರಕ್ಕೆ ಸೇರುವ ಬಾಯಿ, ಹೊರಗೆ ಹರಿಯುವ ಬಾಯಿ, ಸೇತುವೆಯ ಕೆಳಗೆ, ಎರಡು ದಡ ಹತ್ತಿರವಾಗುವ ಇಕ್ಕಟ್ಟು: ಇಲ್ಲೆಲ್ಲ ನೀರು ಹರಿಯುತ್ತಲೇ ಇರೋದರಿಂದ ದಪ್ಪ ಕಟ್ಟೋದಿಲ್ಲ. ಜೊಂಡು, ಕಂಬ, ಬಂಡೆ ಬಿಸಿಲು ಹೀರಿ ಸುತ್ತಲಿನದ್ದನ್ನು ಕರಗಿಸುತ್ತವೆ. ಹಕ್ಕಿಗಳು ಗುಂಪಾಗಿ ಕೂತ ಜಾಗದಲ್ಲಿ ತೆರೆದ ನೀರಿರಬಹುದು. ಮಂಜುಗಡ್ಡೆ ಹಿಗ್ಗಿ ಒಂದಕ್ಕೊಂದು ಒತ್ತಿ ಎದ್ದ ದಿಣ್ಣೆಯ ಸಾಲು ಕಂಡರೆ, ಅದರ ಎರಡೂ ಬದಿ ತೆಳುವಾಗಿರುತ್ತೆ ಅಂತಲೇ ಇಟ್ಟುಕೊಳ್ಳಿ. ಇನ್ನು ಮೇಲೆ ಹಿಮ ಬಿದ್ದಿದ್ದರೆ ಇದ್ಯಾವುದೂ ಕಾಣೋದಿಲ್ಲ. ಸಾಲದ್ದಕ್ಕೆ ಹಿಮ ಕಂಬಳಿ ಹೊದ್ದಿಸಿದ ಹಾಗೆ ಚಳಿಯನ್ನು ತಡೆದು, ಕೆಳಗೆ ದಪ್ಪವಾಗೋದನ್ನು ನಿಧಾನ ಮಾಡುತ್ತೆ.

ಚಳಿಗಾಲದ ಕೊನೆಯಲ್ಲಿ ಅಳತೆಪಟ್ಟಿಯೇ ಸುಳ್ಳು ಹೇಳುತ್ತೆ. ಬಿಸಿಲಿಗೆ ಮಂಜುಗಡ್ಡೆ ಒಳಗೊಳಗೇ ಬಿಟ್ಟುಕೊಂಡು, ಮೇಣದ ಬತ್ತಿಗಳನ್ನು ಒತ್ತಾಗಿ ನಿಲ್ಲಿಸಿದ ಹಾಗೆ ಕಡ್ಡಿಕಡ್ಡಿಯಾಗುತ್ತೆ. ಬೆಳಿಗ್ಗೆ ಹೊತ್ತುಕೊಂಡದ್ದು ಮಧ್ಯಾಹ್ನ ಹೊರೋದಿಲ್ಲ. 30 ಸೆಂಟಿಮೀಟರ್ ಇದ್ದರೂ ನಂಬಬೇಡಿ.

ದೃಶ್ಯ: ಕುತ್ತಿಗೆಗೆ ನೇತುಹಾಕಿದ ಎರಡು ಐಸ್ ಪಿಕ್. ಮರದ ಹಿಡಿ, ತುದಿಯಲ್ಲಿ ಚೂಪು ಮೊಳೆ.

ನಿರೂಪಣೆ: ಇವು ಕುತ್ತಿಗೆಯಲ್ಲಿರಬೇಕು, ಬ್ಯಾಗಿನಲ್ಲಲ್ಲ. ನೀರಿಗೆ ಬಿದ್ದರೆ ಏನಾಗುತ್ತೆ ಅಂತ ಹಂತಹಂತವಾಗಿ ನೋಡೋಣ. ಕೆನಡಾದ ಮಾನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಅಂತ ಕಲಿಸುತ್ತಾರೆ. ಮೊದಲ 1 ನಿಮಿಷ ಉಸಿರು ನಿಮ್ಮ ಮಾತು ಕೇಳೋದಿಲ್ಲ, ಏದುಸಿರು ತಾನಾಗಿ ಬರುತ್ತೆ. ಆಗ ಮಾಡಬೇಕಾದದ್ದು ಒಂದೇ: ಬಾಯಿ ನೀರಿನ ಮೇಲಿರಲಿ, ಉಸಿರು ಹತೋಟಿಗೆ ಬರಲಿ. ಆಮೇಲೆ ಕೈಕಾಲು ಉಪಯೋಗಕ್ಕೆ ಬರೋದು ಸುಮಾರು 10 ನಿಮಿಷ. ಚಳಿಯಿಂದ ಪ್ರಜ್ಞೆ ತಪ್ಪೋಕೆ ಹೆಚ್ಚುಕಡಿಮೆ 1 ಗಂಟೆ. ಆ ಒಂದು ಗಂಟೆಯನ್ನು ನೆನಪಿಡಿ, ಅದು ಗೊತ್ತಿಲ್ಲದವರು ಮೊದಲ ನಿಮಿಷದಲ್ಲೇ ಗಾಬರಿಯಾಗಿ ನೀರು ಕುಡಿಯುತ್ತಾರೆ.

ಉಸಿರು ಹತೋಟಿಗೆ ಬಂತು. ಕೈಟ್ ಕಳಚಿ, ಸ್ಕೀ ಕಳಚಿ. ಬಂದ ದಿಕ್ಕಿಗೇ ತಿರುಗಿ, ಅಲ್ಲಿಯವರೆಗೂ ಮಂಜುಗಡ್ಡೆ ನಿಮ್ಮನ್ನು ಹೊತ್ತಿತ್ತು ಅನ್ನೋದಂತೂ ಖಾತ್ರಿ. ಮೊಣಕೈ ಅಂಚಿನ ಮೇಲಿಡಿ. ಕಾಲು ಕೆಳಗೆ ಜೋತುಬಿದ್ದಿದ್ದರೆ ಎಷ್ಟು ಎಳೆದರೂ ಮೇಲೆ ಬರೋದಿಲ್ಲ. ಜೋರಾಗಿ ಕಾಲು ಬಡಿದು ಮೈಯನ್ನು ನೀರಿನ ಮಟ್ಟಕ್ಕೆ ಅಡ್ಡ ಮಾಡಿ. ಈಗ ಪಿಕ್ ಚುಚ್ಚಿ, ಎಳೆಯಿರಿ, ಇನ್ನೊಂದನ್ನು ಮುಂದೆ ಚುಚ್ಚಿ. ಮೊಸಳೆ ದಡ ಹತ್ತುವ ಹಾಗೆ ಹೊಟ್ಟೆಯ ಮೇಲೆ. ಅಂಚು ಮುರಿದರೆ ಮುರಿಯಲಿ, ಗಟ್ಟಿ ಅಂಚು ಸಿಗುವವರೆಗೂ ಅದೇ ಕೆಲಸ. ಹೊರಗೆ ಬಂದ ಕೂಡಲೇ ಎದ್ದು ನಿಲ್ಲಬೇಡಿ, ಉರುಳುತ್ತಾ ದೂರ ಹೋಗಿ.

ಜೊತೆಗಾರರು ಹತ್ತಿರ ಓಡಿಬರಬಾರದು. ಮಲಗಿಕೊಂಡು, 15ರಿಂದ 20 ಮೀಟರಿನ ಎಸೆಯುವ ಹಗ್ಗವನ್ನು ದೂರದಿಂದಲೇ ಎಸೆಯಬೇಕು. ನಿಮ್ಮ ಬೆನ್ನಿನ ಚೀಲದಲ್ಲಿ ನೀರು ಹೋಗದ ಕವರಿನಲ್ಲಿ ಒಂದು ಜೊತೆ ಒಣಬಟ್ಟೆ ಇರಲಿ. ಅದು ನೀರಿನಲ್ಲಿ ತೇಲಿಸುತ್ತೆ ಕೂಡ. ಆದರೆ ತೊಡೆ ಸಂದಿನ ಪಟ್ಟಿ ಕಟ್ಟದಿದ್ದರೆ ಚೀಲ ಮೇಲೆದ್ದು ತಲೆಯನ್ನು ಮುಂದಕ್ಕೆ ಅದುಮುತ್ತೆ.

ದೃಶ್ಯ: ಮೂರು ಅಲಗುಗಳ ಮೇಲೆ ನಿಂತ ಚಿಕ್ಕ ಐಸ್‌ಬೋಟ್, ಹಾಯಿ ಪಟಪಟ ಬಡಿಯುತ್ತಿದೆ.

ನಿರೂಪಣೆ: ಐಸ್‌ಬೋಟ್ ಬಗ್ಗೆ ಚಿಕ್ಕದಾಗಿ. ಹೆಚ್ಚು ಜನ ಓಡಿಸುವ ಡಿಎನ್ ಮಾದರಿ 1930ರ ದಶಕದಲ್ಲಿ ಡೆಟ್ರಾಯಿಟ್ ನ್ಯೂಸ್ ಪತ್ರಿಕೆಯ ಹವ್ಯಾಸ ಕಾರ್ಯಾಗಾರದಲ್ಲಿ ಹುಟ್ಟಿದ್ದು, ಹೆಸರೂ ಅದರದ್ದೇ. 12 ಅಡಿ ಉದ್ದದ ಒಡಲು, 60 ಚದರ ಅಡಿ ಹಾಯಿ. ಇಷ್ಟು ಪುಟ್ಟದ್ದು ಗಾಳಿಯ ವೇಗಕ್ಕಿಂತ ಮೂರ್ನಾಲ್ಕು ಪಟ್ಟು ಓಡಬಲ್ಲದು. ವೇಗಕ್ಕೆ ಹೆದರಿದವರು ಗಾಳಿಗೆ ಬೆನ್ನು ತಿರುಗಿಸಲು ನೋಡುತ್ತಾರೆ. ದೋಣಿ ಇನ್ನೂ ವೇಗ ಪಡೆಯುತ್ತೆ. ನಿಲ್ಲಿಸಬೇಕಾದರೆ ಹಾಯಿಯ ಹಗ್ಗ ಸಡಿಲಿಸಿ, ಗಾಳಿಗೆ ಮುಖ ಮಾಡಿ. ಹಗ್ಗ ಕೈಯಲ್ಲೇ ಇರಲಿ, ಎಲ್ಲೂ ಕಟ್ಟಬೇಡಿ. ಎದುರಾದಾಗ ಗಾಳಿ ಬಲಮಗ್ಗುಲಿಂದ ಬರುತ್ತಿರುವ ದೋಣಿಗೆ ದಾರಿಯ ಹಕ್ಕು, ಎಡಮಗ್ಗುಲಿಂದ ಬರುತ್ತಿರುವವರು ತಪ್ಪಿಸಿಕೊಡಬೇಕು. ಇನ್ನು ಊಟಕ್ಕೆ ಅಂತ ಬಿಟ್ಟುಹೋದ ದೋಣಿಯೂ ಅಪಾಯವೇ. ಗಾಳಿ ದಿಕ್ಕು ಬದಲಿಸಿದರೆ ಯಾರೂ ಇಲ್ಲದೆ ಹೊರಟುಬಿಡುತ್ತೆ, ಅದರ ಉಕ್ಕಿನ ಅಲಗು ಚೂಪಾಗಿ ಮಸೆದದ್ದು. ಗಾಳಿಗೆ ಮುಖ ಮಾಡಿ, ಬ್ರೇಕ್ ಇಳಿಸಿ, ಮುಂದಿನ ಅಲಗನ್ನು ಅಡ್ಡ ತಿರುಗಿಸಿ ನಿಲ್ಲಿಸಿ.

ದೃಶ್ಯ: ಬೆಟ್ಟದ ಇಳಿಜಾರು, ಶಿಖರದಂಚಿನಿಂದ ಹಿಮದ ಪುಡಿ ಹಾರುತ್ತಿದೆ.

ನಿರೂಪಣೆ: ಬೆಟ್ಟದಲ್ಲಿ ಕೈಟ್ ನಿಮ್ಮನ್ನು ನಿಮಿಷಗಳಲ್ಲಿ ಮೇಲಕ್ಕೆ ಎಳೆದೊಯ್ಯುತ್ತೆ. ನಡೆದು ಹತ್ತುವವರಿಗೆ ಇಳಿಜಾರನ್ನು ನೋಡಿ, ಯೋಚಿಸಿ, ಹಿಂತಿರುಗುವಷ್ಟು ಸಮಯ ಸಿಗುತ್ತೆ, ನಿಮಗೆ ಸಿಗೋದಿಲ್ಲ. ನಿಮಗೆ ಬೇಕಾದ ಗಾಳಿಯೇ ಹಿಮವನ್ನು ಕೆರೆದು ಒಯ್ದು, ಗಾಳಿಮರೆಯ ಇಳಿಜಾರಿನಲ್ಲಿ ಹಲಗೆಯ ಹಾಗೆ ಪೇರಿಸಿಡುತ್ತೆ. ಹಿಮಕುಸಿತ ಶುರುವಾಗೋದು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ. ಅಲ್ಲಿಗೆ ಹೋಗಬೇಡಿ, ಅದರ ಬುಡಕ್ಕೂ ಹೋಗಬೇಡಿ. ಆ ದಿನದ ಹಿಮಕುಸಿತದ ಮುನ್ಸೂಚನೆ ಓದಿ. ಹಿಮದಡಿ ಸಿಕ್ಕವರನ್ನು ಹುಡುಕುವ ಸಿಗ್ನಲ್ ಯಂತ್ರ, ಸಲಿಕೆ, ಶೋಧಕ ಕೋಲು ಪ್ರತಿಯೊಬ್ಬರ ಬಳಿಯೂ ಇರಲಿ.

ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಮುಖಕ್ಕೆ ಹೊಡೆದರೆ ಚರ್ಮಕ್ಕೆ ಅದು ಮೈನಸ್ 20. ನಿಮ್ಮ ಓಟದ ವೇಗ ಇದಕ್ಕೆ ಸೇರಿಕೊಳ್ಳುತ್ತೆ. ಕನ್ನಡಕ ಮತ್ತು ಮುಖವಸ್ತ್ರದ ನಡುವೆ ಬೆರಳಗಲ ಬಿಟ್ಟಿದ್ದರೂ ಕೆನ್ನೆ ಮರಗಟ್ಟೋದು ಅಲ್ಲೇ. ಮರಗಟ್ಟಿದ್ದು ನಿಮಗೆ ನೋಯೋದಿಲ್ಲ, ಹಾಗಾಗಿ ಪ್ರತಿ ಸಲ ನಿಂತಾಗ ಒಬ್ಬರ ಮುಖ ಇನ್ನೊಬ್ಬರು ನೋಡಬೇಕು. ಬೆಳ್ಳಗಿನ ಮಚ್ಚೆ ಕಂಡರೆ ಉಜ್ಜಬೇಡಿ, ಬೆಚ್ಚಗಿನ ಅಂಗೈ ಒತ್ತಿ ಹಿಡಿಯಿರಿ, ಗಾಳಿಯಿಂದ ಒಳಗೆ ಹೋಗಿ.

ದೃಶ್ಯ: ಅಕ್ಷರಶಃ ಬಿಳಿ. ನೆಲ ಎಲ್ಲಿ, ಆಕಾಶ ಎಲ್ಲಿ ತಿಳಿಯದು.

ನಿರೂಪಣೆ: ಗಾಳಿ ಹತ್ತು ನಿಮಿಷದಲ್ಲಿ ನಿಮ್ಮನ್ನು ಆರೇಳು ಕಿಲೋಮೀಟರ್ ಒಯ್ಯುತ್ತೆ. ಆಮೇಲೆ ನಿಂತುಬಿಟ್ಟರೆ, ಕೈಟ್ ಮಡಚಿ ಹೊತ್ತು ಆ ಆರೇಳು ಕಿಲೋಮೀಟರ್ ನಡೆಯೋಕೆ ಎರಡು ಗಂಟೆ. ಹಾಗಾಗಿ ಮೊದಲ ಅರ್ಧ ಗಾಳಿಗೆ ಎದುರಾಗಿ ಹೋಗಿ. ಏನಾದರೂ ಕೈಕೊಟ್ಟರೆ ವಾಪಸ್ ನಡಿಗೆ ಗಾಳಿ ಬೀಸಿಹೋಗುವ ದಿಕ್ಕಿಗೇ ಆಗುತ್ತೆ, ಮುಖಕ್ಕೆ ಗಾಳಿ ಬಡಿಯೋದಿಲ್ಲ. ಹೊರಟ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿ. ಫೋನ್ ಒಳಜೇಬಿನಲ್ಲಿ, ಮೈಗೆ ತಾಗಿರಲಿ. ಚಳಿಗೆ ಬ್ಯಾಟರಿ ದಿಢೀರನೆ ಸಾಯುತ್ತೆ. ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ದಡದಲ್ಲಿರುವ ಒಬ್ಬರಿಗೆ ಹೇಳಿ ಹೋಗಿ. ಬೆಳಕು ಮಬ್ಬಾಗಿ ಹಿಮದ ಏರುತಗ್ಗು ಕಾಣದಾದರೆ ಅಂದಿನ ಆಟ ಮುಗಿಯಿತು.

ದೃಶ್ಯ: ಇಳಿಸಿದ ಫಾಯಿಲ್ ಕೈಟ್‌ನ (ಗಾಳಿ ತುಂಬುವ ಕೊಳವೆಯಿಲ್ಲದ ಬಟ್ಟೆಯ ಕೈಟ್) ಹಿಂದಿನ ಅಂಚಿಗೆ ಸಲಿಕೆಯಿಂದ ಹಿಮ ಹಾಕುತ್ತಿದ್ದಾರೆ.

ನಿರೂಪಣೆ: ಇಳಿಸಿದ ಕೈಟ್‌ನ ಮೇಲೆ ಹಿಮ ಹೇರುವವರೆಗೂ ಅದನ್ನು ಬಿಟ್ಟು ಕದಲಬೇಡಿ. ಬೋಳು ಮಂಜುಗಡ್ಡೆಯಾದರೆ ಹಿಂದಿನ ಲೈನುಗಳನ್ನು ಎಳೆದು ಐಸ್ ಸ್ಕ್ರೂಗೆ ಕೊಕ್ಕೆ ಹಾಕಿ. ಕೋಣೆಗೆ ಬಂದ ಮೇಲೆ ಆ ಕೆಂಪು ಹಿಡಿಯನ್ನು ಬಿಚ್ಚಿ, ಒಳಗೆ ಸೇರಿದ ಹಿಮ ಕೊಡವಿ, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ ಜೋಡಿಸಿಡಿ. ಒದ್ದೆಯಾಗಿಯೇ ಚೀಲಕ್ಕೆ ಹಾಕಿದರೆ ಬೆಳಿಗ್ಗೆ ದಡಕ್ಕೆ ಹೋಗುವಷ್ಟರಲ್ಲಿ ಅದು ಮತ್ತೆ ಹೆಪ್ಪುಗಟ್ಟಿರುತ್ತೆ.