ಸೊಂಟ ನೋವು ಯಾವಾಗ ಬರುತ್ತದೆ, ಯಾವಾಗ ಇಳಿಯುತ್ತದೆ

ಕೇಳುಗರಿಗೆ ನಮಸ್ಕಾರ.

ಅರವತ್ತು ದಾಟಿದವರು ಸೊಂಟ ನೋವು ಅಂದರೆ ಮನೆಯವರ ಉತ್ತರ ಸಿದ್ಧವಾಗಿರುತ್ತದೆ: ‘ವಯಸ್ಸಾಯ್ತಲ್ಲ’. ಎಕ್ಸ್-ರೇ ತೆಗೆಸಿದರೆ ‘ಸವೆದಿದೆ’ ಅನ್ನುತ್ತಾರೆ. ಆದರೆ ಒಂದು ದಿನವೂ ಸೊಂಟ ನೋಯದ ಹಿರಿಯರ ಎಕ್ಸ್-ರೇಯಲ್ಲೂ ಸವಕಳಿ ಕಾಣುತ್ತದೆ. ಹಾಗಾಗಿ ಮೊದಲು ಗಮನಿಸಬೇಕಾದದ್ದು, ನೋವು ಯಾವಾಗ ಬರುತ್ತದೆ, ಏನು ಮಾಡಿದರೆ ಇಳಿಯುತ್ತದೆ ಎಂಬುದನ್ನು.

ಸೊಂಟದ ಭಾಗದಲ್ಲಿ 5 ಕಶೇರುಗಳಿವೆ, ಅಂದರೆ ಬೆನ್ನುಮೂಳೆಯ ಬಿಡಿ ಮೂಳೆಗಳು. ಅವುಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ವರ್ಷಗಳು ಕಳೆದಂತೆ ನೀರಿನಂಶ ಕಳೆದುಕೊಂಡು ತೆಳುವಾಗುತ್ತದೆ. ಆಗ ಹಿಂಬದಿಯ ಪುಟ್ಟ ಕೀಲುಗಳ ಮೇಲೆ ಭಾರ ಹೆಚ್ಚುತ್ತದೆ. ಬೆಳಗ್ಗೆ ಎದ್ದಾಗ ಬಿಗಿತ, ಸ್ವಲ್ಪ ಓಡಾಡಿದ ಮೇಲೆ ಸಡಿಲ, ತುಂಬ ಹೊತ್ತು ನಿಂತರೆ ಅಥವಾ ಹಿಂದಕ್ಕೆ ಬಾಗಿದರೆ ಮತ್ತೆ ನೋವು: ಇದು ಹೆಚ್ಚಾಗಿ ಆ ಕೀಲುಗಳ ತಕರಾರು.

ಇನ್ನು ಕೆಲವರಿಗೆ ಕೂತಾಗ ಏನೂ ಇರುವುದಿಲ್ಲ. ಸ್ವಲ್ಪ ದೂರ ನಡೆದರೆ ಸೊಂಟದಿಂದ ಕಾಲಿನವರೆಗೆ ಸೆಳೆತ, ಜೋಮು, ಭಾರ. ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಕೆಲವೇ ನಿಮಿಷದಲ್ಲಿ ಹಗುರ. ನರಗಳು ಹಾದುಹೋಗುವ ನಾಳ ಕಿರಿದಾದಾಗ ಹೀಗಾಗುತ್ತದೆ. ಬೆನ್ನು ಬಾಗಿದಾಗ ಆ ನಾಳ ತುಸು ಅಗಲವಾಗುತ್ತದೆ, ಆದ್ದರಿಂದಲೇ ನಡೆಯಲಾಗದವರೂ ಬಾಗಿ ಕೂತು ಸೈಕಲ್ ತುಳಿಯಬಲ್ಲರು. ಕಾಲಿನ ರಕ್ತನಾಳ ಕಟ್ಟಿಕೊಂಡರೂ ನಡೆದಾಗ ಮೀನಖಂಡ ನೋಯುತ್ತದೆ. ಆದರೆ ಆ ನೋವು ಸುಮ್ಮನೆ ನಿಂತರೂ ಇಳಿಯುತ್ತದೆ, ಬಾಗಬೇಕಿಲ್ಲ. ವೈದ್ಯರಿಗೆ ಈ ಒಂದು ವ್ಯತ್ಯಾಸ ಹೇಳಿದರೆ ಅರ್ಧ ಕೆಲಸ ಆದಂತೆ.

ಬಕೆಟ್ ಎತ್ತಿದಾಗ, ಕೆಮ್ಮಿದಾಗ ಅಥವಾ ಸಣ್ಣಗೆ ಜಾರಿಬಿದ್ದಾಗ ಬೆನ್ನಿನಲ್ಲಿ ಒಮ್ಮೆಲೇ ಚುಚ್ಚಿದಂತಾದರೆ ಅದನ್ನು ಉಳುಕು ಎಂದು ಉಜ್ಜುತ್ತಾ ಕೂರಬೇಡಿ. ಮೂಳೆ ಟೊಳ್ಳಾಗಿದ್ದರೆ ಕಶೇರು ಕುಸಿದಿರಬಹುದು. ಮುಟ್ಟು ನಿಂತ ಮಹಿಳೆಯರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರು, ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರ್‌ನಷ್ಟು ಕುಗ್ಗಿದವರು ಇದನ್ನು ಮೊದಲು ಅನುಮಾನಿಸಬೇಕು.

ಕೆಲವೊಮ್ಮೆ ಸೊಂಟದ ಮೇಲೆ ಸುಳ್ಳು ಆರೋಪ ಬರುತ್ತದೆ. ತೊಡೆಸಂದಿನಲ್ಲಿ ನೋವಿದ್ದು, ಚಕ್ಕಳಮಕ್ಕಳ ಹಾಕಲು, ಕಾಲುಚೀಲ ಹಾಕಿಕೊಳ್ಳಲು ಕಷ್ಟವಾದರೆ ಸವೆದಿರುವುದು ತೊಡೆಯ ಕೀಲು ಇರಬಹುದು. ಒಂದೇ ಪಕ್ಕದಲ್ಲಿ ಉರಿ ಶುರುವಾಗಿ ಕೆಲವು ದಿನದಲ್ಲಿ ಗುಳ್ಳೆ ಎದ್ದರೆ ಅದು ಸರ್ಪಸುತ್ತು. ಜ್ವರ, ಉರಿಮೂತ್ರ ಜೊತೆಗಿದ್ದರೆ ಮೂತ್ರಪಿಂಡ ನೋಡಿಸಬೇಕು.

ಮಲಗಿದರೂ ಬಿಡದ ರಾತ್ರಿ ನೋವು, ಕಾರಣವಿಲ್ಲದೆ ಇಳಿದ ತೂಕ, ಹಿಂದೆ ಕ್ಯಾನ್ಸರ್ ಆಗಿದ್ದ ಚರಿತ್ರೆ, ಇವುಗಳಲ್ಲಿ ಯಾವುದಿದ್ದರೂ ತಪಾಸಣೆ ಮುಂದೂಡಬೇಡಿ. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಗುಪ್ತಾಂಗದ ಸುತ್ತ ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ಬೆಳಗಾಗಲಿ ಎಂದು ಕಾಯಬಾರದು. ಅದೇ ಗಳಿಗೆಯಲ್ಲಿ ತುರ್ತು ಚಿಕಿತ್ಸೆಗೆ ಹೋಗಬೇಕು. ಹೊಟ್ಟೆಯಿಂದ ಬೆನ್ನಿಗೆ ಸೀಳುವಂಥ ನೋವು ಬಂದು ತಲೆಸುತ್ತಿದರೂ ಅಷ್ಟೇ, ದೊಡ್ಡ ರಕ್ತನಾಳ ಉಬ್ಬಿ ಒಡೆದಿರಬಹುದು.

ಇಂಥ ಲಕ್ಷಣವಿಲ್ಲದ ಸಾಮಾನ್ಯ ನೋವಿಗೆ ಒಂದೆರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯಬೇಡಿ, ಸ್ನಾಯು ಬೇಗ ಸೊರಗುತ್ತದೆ. ನಡುನಡುವೆ ಕೂತು ಸುಧಾರಿಸಿಕೊಳ್ಳುತ್ತಾ ಸ್ವಲ್ಪ ಸ್ವಲ್ಪ ನಡೆಯಿರಿ. ಅಂಗಡಿಯಿಂದ ನೀವೇ ತರುವ ನೋವಿನ ಮಾತ್ರೆಗಳಲ್ಲಿ ಹಲವು ರಕ್ತದೊತ್ತಡ ಏರಿಸುತ್ತವೆ, ಮೂತ್ರಪಿಂಡಕ್ಕೂ ಹೊಟ್ಟೆಯ ಒಳಪದರಕ್ಕೂ ಪೆಟ್ಟು ಕೊಡುತ್ತವೆ. ಈಗಾಗಲೇ ಬೇರೆ ಔಷಧ ನಡೆಯುತ್ತಿದ್ದರೆ ಅದರ ಚೀಟಿ ತೋರಿಸಿ, ಕೇಳಿಯೇ ನುಂಗಿ.