ಕಂಪನಿ ಖರ್ಚಿನ ರೂಮು, ಕಂಪನಿ ಹೆಸರಿನ ಬಿಲ್ಲು

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗ ಬಳಿಯ ಮಾಚೇನಹಳ್ಳಿಯ ಕಾರ್ಖಾನೆಗಳಿಂದ ಪುಣೆಗೆ, ಕೊಯಮತ್ತೂರಿಗೆ, ಬೆಂಗಳೂರಿಗೆ ಕೆಲಸದ ಮೇಲೆ ಓಡಾಡುವವರಿದ್ದೀರಿ. ಮೊಬೈಲಿನಲ್ಲಿ ಇನ್ನೂರು ರೂಪಾಯಿ ಕಡಿಮೆಗೆ ರೂಮು ಕಂಡರೆ, ಕಂಪನಿ ಗೊತ್ತುಮಾಡಿದ ಹೋಟೆಲ್ ಬಿಟ್ಟು ಅದನ್ನೇ ಹಿಡಿಯಬೇಕೆನಿಸುತ್ತದೆ. ಉಳಿಸುವ ಮನಸ್ಸು ಒಳ್ಳೆಯದೇ, ಆದರೆ ಲೆಕ್ಕ ಹಾಗೆ ಕೂಡಿಬರುವುದಿಲ್ಲ. ಅಂಥ ದರಕ್ಕೆ ಎಷ್ಟೋ ಸಲ ‘ರದ್ದಾದರೆ ಹಣ ವಾಪಸಿಲ್ಲ’ ಎಂಬ ಷರತ್ತಿರುತ್ತದೆ. ನೀವು ಹೊರಟಿದ್ದ ತಪಾಸಣೆಯನ್ನು ಗಿರಾಕಿ ಒಂದು ದಿನ ಮುಂದಕ್ಕೆ ಹಾಕಿದರೆ ಇಡೀ ಬಾಡಿಗೆ ಹೋಯಿತು.

ಹೆಚ್ಚಿನವರು ಎಡವುವುದು ಬಿಲ್ಲಿನಲ್ಲಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5, ಅದಕ್ಕೂ ಮೇಲಾದರೆ ಶೇ 18 ಜಿಎಸ್‌ಟಿ. ರೂಮಿನ ಕೀ ತೆಗೆದುಕೊಳ್ಳುವ ಮೊದಲೇ ಕೌಂಟರಿನಲ್ಲಿ ‘ಬಿಲ್ಲು ಕಂಪನಿ ಹೆಸರಿಗೆ’ ಎಂದು ಹೇಳಿ, ಕಂಪನಿಯ ಜಿಎಸ್‌ಟಿ ನಂಬರು ಬರೆಸಿ. ಅಂಕಿ, ಅಕ್ಷರ ಸೇರಿ ಒಟ್ಟು ಹದಿನೈದು. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಒಂದು ಅಕ್ಷರ ತಪ್ಪಿದರೂ ಬಿಲ್ಲು ಕಂಪನಿಯ ಜಿಎಸ್‌ಟಿ ಖಾತೆಯಲ್ಲಿ ಕಾಣುವುದಿಲ್ಲ, ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಕಂಪನಿ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆಯಲು ಬರುವುದಿಲ್ಲ. ಆ್ಯಪಿಗೆ ಮೊದಲೇ ಹಣ ಕಟ್ಟಿದ್ದರೆ ಹೋಟೆಲಿನವರು ಬಿಲ್ಲು ಕೊಡಲು ಹಿಂದೇಟು ಹಾಕುವುದುಂಟು. ಕೈಯಲ್ಲುಳಿಯುವುದು ಬುಕಿಂಗ್ ವೋಚರ್. ತೆರಿಗೆ ಲೆಕ್ಕಕ್ಕೆ ಅದು ನಡೆಯದು.

ಪುಣೆಯಲ್ಲಿ ತಂಗಿದರೆ ಬಿಲ್ಲು ಮಹಾರಾಷ್ಟ್ರದ ಲೆಕ್ಕಕ್ಕೆ ಹೋಗುತ್ತದೆ. ಕರ್ನಾಟಕದಲ್ಲಷ್ಟೇ ನೋಂದಣಿಯಿರುವ ಕಂಪನಿಗೆ ಆ ಕ್ರೆಡಿಟ್ ದಕ್ಕದು. ಹಾಗಂತ ಬಿಲ್ಲು ಬಿಟ್ಟು ಬರಬೇಡಿ, ಖರ್ಚು ತೋರಿಸಲು ಅದೇ ಆಧಾರ. ಮೂರು ರಾತ್ರಿಯ ಬಾಡಿಗೆಯನ್ನು ಒಟ್ಟಿಗೆ ನಗದಿನಲ್ಲಿ ಕೊಡುವುದೂ ಬೇಡ. ಒಂದೇ ದಿನ ಒಬ್ಬರಿಗೆ ಕೊಟ್ಟ ನಗದು 10,000 ರೂಪಾಯಿ ಮೀರಿದರೆ, ಆದಾಯ ತೆರಿಗೆಯಲ್ಲಿ ಆ ಖರ್ಚು ಕಳೆಯಲು ಬರುವುದಿಲ್ಲ.

ಮಲೆನಾಡಿನೊಳಗಿನ ಪ್ರಯಾಣದ ಮಾತೇ ಬೇರೆ. ಮಳೆಗಾಲದ ಶನಿವಾರ, ಭಾನುವಾರ ಜೋಗ ನೋಡುವವರ ದಟ್ಟಣೆಗೆ ಸಾಗರದಲ್ಲಿ ರೂಮು ಸಿಗುವುದು ಕಷ್ಟ, ವಾರ ಮೊದಲೇ ಕಚೇರಿಗೆ ತಿಳಿಸಿ. ಹೋಂಸ್ಟೇ ಆದರೆ ಜಿಎಸ್‌ಟಿ ಬಿಲ್ಲು ಕೊಡುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳಿ. ಚಿಕ್ಕ ಹೋಂಸ್ಟೇಗಳಿಗೆ ಎಷ್ಟೋ ಕಡೆ ನೋಂದಣಿಯೇ ಇರುವುದಿಲ್ಲ. ಅದು ಅವರ ತಪ್ಪಲ್ಲ.

ದುಡ್ಡಿಗಿಂತ ನನಗೆ ದೊಡ್ಡದಾಗಿ ಕಾಣುವುದು ಇದು: ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದಾಗಿದೆ, ಮೊಬೈಲಿಗೆ ಸಿಗ್ನಲ್ ಇಲ್ಲ ಅನ್ನಿ. ಕಚೇರಿಯವರು ಮೊದಲು ಫೋನ್ ಮಾಡುವುದು ತಾವು ಬುಕ್ ಮಾಡಿದ ಹೋಟೆಲಿಗೆ. ನೀವು ಹೇಳದೆ ಬೇರೆಡೆ ತಂಗಿದ್ದರೆ ಅವರು ಹುಡುಕುವುದು ತಪ್ಪು ಜಾಗದಲ್ಲಿ.

ಕಂಪನಿ ಗೊತ್ತುಮಾಡಿದ ಹೋಟೆಲಿನಲ್ಲೇ ತಂಗಬೇಕೆಂಬ ನಿಯಮ ಬಿಡಲೇಬೇಕಾದ ಸಂದರ್ಭ ಬಂದರೆ, ಅಂದರೆ ಆ ಹೋಟೆಲ್ ಭರ್ತಿಯಾಗಿದ್ದರೆ, ಬೇರೆ ಹೋಟೆಲಿನ ಹೆಸರು, ಫೋನ್ ನಂಬರು, ದರ ಬರೆದು ಮೇಲಧಿಕಾರಿಗೆ ಆಗಲೇ ಮೇಲ್ ಕಳಿಸಿ. ಅವರ ಒಪ್ಪಿಗೆಯ ಪ್ರತಿಯನ್ನು ಬಿಲ್ಲಿಗೆ ಲಗತ್ತಿಸಿ ಅಕೌಂಟ್ಸ್‌ಗೆ ಕೊಡಿ.

ನಮಸ್ಕಾರ.