ರೆಸಿಪಿ ಬಿಡಿ, ಕಿಲ್ನ್ ಯಾವುದು ಅಂತ ಕೇಳಿ

ಎಲ್ಲರಿಗೂ ನಮಸ್ಕಾರ. ಕುಂಬಾರಿಕೆ ಕಲಿಯಲು ಶುರು ಮಾಡಿದವರು ಸ್ವಲ್ಪ ಕೈ ಪಳಗಿದ ಕೂಡಲೇ ಫೋನ್ ತೆಗೆದು ಒಂದು ಫೋಟೋ ತೋರಿಸುತ್ತಾರೆ. ರಕ್ತಗೆಂಪಿನ ಹೂಜಿ, ಕನ್ನಡಿ ಥರ ಹೊಳಪು. "ಇದರ ಗ್ಲೇಜ್ (ಪಾತ್ರೆ ಮೇಲಿನ ಗಾಜಿನಂಥ ಲೇಪ) ರೆಸಿಪಿ ಸಿಗುತ್ತಾ?" ಸಿಗುತ್ತೆ, ರೆಸಿಪಿಗೇನು ಬರ! ಆದರೆ ಅದನ್ನು ಒಂದು ಗ್ರಾಂ ಆಚೀಚೆ ಆಗದ ಹಾಗೆ ಕಲಸಿ, ಕರೆಂಟಿನಲ್ಲಿ ಉರಿಯುವ ಕುಂಬಾರರ ಗೂಡಿನಲ್ಲಿ, ಅಂದರೆ ಕರೆಂಟ್ ಕಿಲ್ನ್‌ನಲ್ಲಿ ಸುಟ್ಟರೆ ಕೆಂಪು ಬರುವುದಿಲ್ಲ. ಹಸಿರು ಬರುತ್ತದೆ.

ಆ ಕೆಂಪು ತಾಮ್ರದ್ದು. ಹಸಿರೂ ತಾಮ್ರದ್ದೇ. ಕರೆಂಟ್ ಕಿಲ್ನ್ ಒಳಗೆ ಗಾಳಿಗೆ ಕೊರತೆ ಇಲ್ಲ, ಹಾಗಾಗಿ ತಾಮ್ರ ಹಸಿರಾಗಿಯೇ ಉಳಿಯುತ್ತದೆ. ಗ್ಲೇಜಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಜಾಸ್ತಿ ಇದ್ದರೆ ತಿಳಿ ನೀಲಿಗೆ ತಿರುಗುತ್ತದೆ. ಜೈಪುರದ ನೀಲಿ ಪಾತ್ರೆ ನೋಡಿದ್ದೀರಲ್ವಾ, ಅದರಲ್ಲಿನ ಹಸಿರು ಬೆರೆತ ತಿಳಿನೀಲಿ ತಾಮ್ರದ್ದು, ಗಾಢ ನೀಲಿ ಕೋಬಾಲ್ಟ್‌ದು. ಇನ್ನು ಗ್ಯಾಸ್ ಅಥವಾ ಸೌದೆ ಕಿಲ್ನ್‌ನಲ್ಲಿ ಡ್ಯಾಂಪರ್ (ಹೊಗೆಗೂಡಿನ ದಾರಿ ಮುಚ್ಚುವ ಹಲಗೆ) ಅರ್ಧ ಮುಚ್ಚಿ ಬೆಂಕಿಗೆ ಗಾಳಿ ಕಡಿಮೆ ಮಾಡಿದರೆ, ಅದು ತನಗೆ ಬೇಕಾದ ಆಮ್ಲಜನಕವನ್ನು ಗ್ಲೇಜಿನಲ್ಲಿರುವ ತಾಮ್ರದಿಂದಲೇ ಕಿತ್ತುಕೊಳ್ಳುತ್ತದೆ. ಇದಕ್ಕೆ ರಿಡಕ್ಷನ್ ಅಂತಾರೆ. ಕೆಂಪು ಹುಟ್ಟುವುದು ಅಲ್ಲಿ. ಚೀನಾದಲ್ಲಿ ಮಿಂಗ್ ದೊರೆ ಶ್ವಾನ್‌ದೆ ಕಾಲದಲ್ಲಿ, ಅಂದರೆ 1426ರಿಂದ 1435ರ ನಡುವೆ, ಈ ಕೆಂಪು ಅದ್ಭುತವಾಗಿ ಬಂತು. ಆಮೇಲೆ ಅರಮನೆಯ ಕಿಲ್ನ್‌ಗಳಲ್ಲೇ ಅದು ಕೈತಪ್ಪಿ ಹೋಯಿತು, ಮತ್ತೆ ಸರಿಯಾಗಿ ಹಿಡಿತಕ್ಕೆ ಸಿಕ್ಕಿದ್ದು ಚಿಂಗ್ ದೊರೆ ಕಾಂಗ್‌ಶಿ ಕಾಲದಲ್ಲಿ, ಇನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಸಿಲಿಕಾನ್ ಕಾರ್ಬೈಡ್ ಪುಡಿ ಬೆರೆಸಿ ಕರೆಂಟ್ ಕಿಲ್ನ್‌ನಲ್ಲೂ ಕೆಂಪು ತರಿಸುವವರು ಇದ್ದಾರೆ. ಬರುತ್ತದೆ, ಎಷ್ಟೋ ಸಲ ಗುಳ್ಳೆಗಳ ಸಮೇತ.

ಕಬ್ಬಿಣದ ಕಥೆಯೂ ಇದೇ. ಒಂದೆರಡು ಪರ್ಸೆಂಟ್ ಹಾಕಿ ರಿಡಕ್ಷನ್‌ನಲ್ಲಿ ಸುಟ್ಟರೆ ಸೆಲಡಾನ್, ಅದೇ ತಣ್ಣನೆಯ ನೀಲಿಹಸಿರು. ಕರೆಂಟ್ ಕಿಲ್ನ್‌ನಲ್ಲಾದರೆ ಒಣಹುಲ್ಲಿನ ಹಳದಿ. ಕ್ರೋಮ್ ಹಸಿರು ಕೊಡುತ್ತದೆ, ಆದರೆ ಗ್ಲೇಜಿನಲ್ಲಿ ಸತು ಇದ್ದರೆ ಕಂದು ಬಣ್ಣವಾಗುತ್ತದೆ, ತವರದ ಜೊತೆ ಚೂರೇ ಚೂರು ಸೇರಿದರೆ ಗುಲಾಬಿ! ಅದಕ್ಕೇ ಡಬ್ಬಿ ಮೇಲಿನ ಬಣ್ಣ ನೋಡಿ ಗ್ಲೇಜ್ ಕೊಳ್ಳುವುದು ನನ್ನ ಪ್ರಕಾರ ದುಡ್ಡು ದಂಡ.

ದಪ್ಪದ ವಿಷಯಕ್ಕೆ ಬರೋಣ, ಜಾಸ್ತಿ ಜನ ಎಡವುವುದು ಇಲ್ಲೇ. ಎಂಟು ಹತ್ತು ಪರ್ಸೆಂಟ್ ಕಬ್ಬಿಣ ಇರುವ ಟೆನ್‌ಮೊಕು ಗ್ಲೇಜಿನ ಬಟ್ಟಲು ಒಂದನ್ನು ಕೈಗೆತ್ತಿಕೊಂಡು ನೋಡಿ. ಅಂಚಿನಲ್ಲಿ ಗ್ಲೇಜ್ ತೆಳುವಾಗಿ ಜಾರಿ ತುಕ್ಕಿನ ಬಣ್ಣ ಬಂದಿರುತ್ತದೆ, ಬೆರಳಿನ ಗೆರೆಗಳಲ್ಲಿ ಅದೇ ಗ್ಲೇಜ್ ನಿಂತು ಕಪ್ಪಾಗಿರುತ್ತದೆ. ಒಂದೇ ಬಕೆಟ್, ಒಂದೇ ಸಲ ಅದ್ದಿದ್ದು. ಹಾಗಿರುವಾಗ ತಳದಲ್ಲಿ ಗಟ್ಟಿಯಾಗಿ ಕೂತಿದ್ದನ್ನು ಕಲಕದೆ, ಬೇಸಿಗೆಯಲ್ಲಿ ನೀರು ಎಷ್ಟು ಆರಿದೆ ಅಂತಲೂ ನೋಡದೆ, ಸುಮ್ನೆ ಅದ್ದಿ ತೆಗೆದು "ಹೋದ ಸಲದ ಬಣ್ಣ ಬರಲಿಲ್ಲ" ಅಂದರೆ ಹೇಗೆ ಬರುತ್ತದೆ ಹೇಳಿ? 100 ಮಿಲಿ ಗ್ಲೇಜ್ ತೂಗಿ ನೋಡಿ. ಅದ್ದುವ ಗ್ಲೇಜ್ ಸಾಮಾನ್ಯವಾಗಿ 140ರಿಂದ 150 ಗ್ರಾಂ ಒಳಗೆ ಇರುತ್ತದೆ. ಚೆನ್ನಾಗಿ ಬಂದ ದಿನದ ತೂಕವನ್ನು ಬಕೆಟ್ ಮೇಲೇ ಬರೆದಿಡಿ.

ಈಗ ಎಲ್ಲರಿಗೂ ಮ್ಯಾಟ್, ಅಂದರೆ ಹೊಳಪಿಲ್ಲದ ಗ್ಲೇಜ್ ಬೇಕು. ಇನ್‌ಸ್ಟಾಗ್ರಾಮ್ ಕೃಪೆ! ನಿಜವಾದ ಮ್ಯಾಟ್‌ನಲ್ಲಿ ಗ್ಲೇಜ್ ಪೂರ್ತಿ ಕರಗಿ, ಆಮೇಲೆ ನಿಧಾನವಾಗಿ ತಣಿಯುವಾಗ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಕಟ್ಟುತ್ತದೆ. ಅಂಥ ಗ್ಲೇಜನ್ನು 1100ರಿಂದ 900 ಡಿಗ್ರಿವರೆಗೆ ನಿಧಾನ ಇಳಿಸಿದರೆ ರೇಷ್ಮೆಯ ನುಣುಪು, ಸ್ವಿಚ್ ಆಫ್ ಮಾಡಿ ಬೇಗ ತಣಿಸಿದರೆ ಎಷ್ಟೋ ಸಲ ಹೊಳಪು. ಪೇಟೆಯಲ್ಲಿ ಮ್ಯಾಟ್ ಅಂತ ಮಾರುವ ಕೆಲವು ಬಟ್ಟಲು ಇದ್ಯಾವುದೂ ಅಲ್ಲ, ಸರಿಯಾಗಿ ಬೇಯದ ಗ್ಲೇಜ್ ಅಷ್ಟೇ. ಚಮಚ ಎಳೆದರೆ ಬೂದು ಗೀರು ನಿಲ್ಲುತ್ತದೆ, ಅರಿಶಿನದ ಕಲೆ ಹೋಗುವುದಿಲ್ಲ. ನಾವು ಹುಳಿ, ಸಾರು, ಮಜ್ಜಿಗೆ ತಿನ್ನುವ ಜನ. ಗ್ಲೇಜ್ ಮೇಲೆ ಒಂದು ನಿಂಬೆಹೋಳು ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಣ್ಣ ಮಾಸಿದ್ದರೆ ಆ ಬಟ್ಟಲು ಪೆನ್ನು, ಕೀ ಇಡೋಕೆ. ಮಾಸದಿದ್ದರೆ ಪಾಸ್ ಅಂತಲೂ ಅಲ್ಲ, ಅದನ್ನು ಲ್ಯಾಬ್‌ನವರೇ ಹೇಳಬೇಕು.

ನನ್ನ ಹಟ ಇಷ್ಟೇ. ಒಂದು ಮಣ್ಣು, ಒಂದು ಕಿಲ್ನ್, ಒಂದು ಬೇಸ್ ಗ್ಲೇಜ್ (ಬಣ್ಣ ಬೆರೆಸದ ಮೂಲ ಗ್ಲೇಜ್) ಇಟ್ಟುಕೊಂಡು ಒಂದು ವರ್ಷ ಅದನ್ನೇ ಮಾಡಿ. ಗ್ಲೇಜ್ ಪರೀಕ್ಷಿಸುವ ಚಿಕ್ಕ ಬಿಲ್ಲೆಯನ್ನು, ಅಂದರೆ ಟೆಸ್ಟ್ ಟೈಲನ್ನು ಮಲಗಿಸಬೇಡಿ, ನಿಲ್ಲಿಸಿ ಸುಡಿ, ಗ್ಲೇಜ್ ಎಷ್ಟು ಹರಿಯುತ್ತದೆ ಅಂತ ಆಗಲೇ ಗೊತ್ತಾಗುವುದು. ಮೇಲಿನ ಶೆಲ್ಫ್‌ನಲ್ಲಿ ಒಂದು, ಕೆಳಗೆ ಒಂದು ಇಡಿ, ಪಕ್ಕದಲ್ಲಿ ಕೋನ್ (ಬಿಸಿಗೆ ಬಾಗುವ ಪುಟ್ಟ ಶಂಕು) ಇಡಿ. ಮೀಟರ್ ಬರೀ ಡಿಗ್ರಿ ತೋರಿಸುತ್ತದೆ, ಕೋನ್ ಬಾಗುವುದು ಬಿಸಿ ಮತ್ತು ಹೊತ್ತು ಎರಡೂ ಸೇರಿದಾಗ. ಕೆಂಪೇ ಬೇಕು ಅನ್ನುವವರು ಗ್ಯಾಸ್ ಕಿಲ್ನ್ ಇರುವ ಸ್ಟುಡಿಯೋ ಹುಡುಕಿ, ಅವರ ಮುಂದಿನ ಫೈರಿಂಗ್‌ನಲ್ಲಿ ನಿಮ್ಮ ನಾಲ್ಕು ಟೈಲ್‌ಗೆ ಜಾಗ ಕೇಳಿ. ಬಾಡಿಗೆ ಕೊಟ್ಟರೂ ಇಪ್ಪತ್ತು ಡಬ್ಬಿ ಗ್ಲೇಜ್ ಕೊಳ್ಳುವುದಕ್ಕಿಂತ ಅಗ್ಗ.